ಕಂಪೈಲರ್ ಬಾಯಿಬಿಟ್ಟು ಹೇಳಲಿ

"ಅಣ್ಣಾರ, ಈ ಜಾವಾ ಭಾಳ ತಕರಾರ ಮಾಡ್ತೈತ್ರಿ. ರಿಟರ್ನ್ ಕೆಳಗ ಒಂದ್ ಸಾಲು ಉಳದಿತ್ತು, ಅಷ್ಟಕ್ಕ ಕಂಪೈಲ್ ಮಾಡಾಕ ಒಲ್ಲೆ ಅಂತು. ಸಿ ಒಳಗ ಬರದ್ರ ಮಾತಿಲ್ಲದ ನಡೀತೈತಿ" ಅಂದ ಕಾಂಪೌಂಡ್ ಆಚೆಯ ಹುಡುಗ. ಕೊಪ್ಪಳದಿಂದ ದಿನಾ ತಳಕಲ್ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಬರುವವನು.

"ತಕರಾರ ಮಾಡೂದ ಛಲೋ, ತಮ್ಮಾ" ಅಂದೆ.

ಕಂಪೈಲರ್ ನಾವು ಬರೆದದ್ದನ್ನು ತುಂಡು ತುಂಡಾಗಿ ವಿಂಗಡಿಸಿ, ಯಾವ ತುಂಡಿನಿಂದ ಯಾವುದಕ್ಕೆ ದಾರಿಯಿದೆ ಎಂದು ನಕ್ಷೆ ಹಾಕಿಕೊಳ್ಳುತ್ತದೆ. ಮೊದಲ ತುಂಡಿನಿಂದ ಹೊರಟು, ದಾರಿ ಇದ್ದಲ್ಲೆಲ್ಲ ಗುರುತು ಮಾಡುತ್ತ ಹೋಗುತ್ತದೆ. ಗುರುತು ಬೀಳದೆ ಉಳಿದದ್ದು ಎಂದೂ ಓಡದ ಕೋಡ್. ಸಿ ಕಂಪೈಲರ್‌ಗಳು ಅದನ್ನು ಸದ್ದಿಲ್ಲದೆ ಕಿತ್ತು ಹಾಕುತ್ತವೆ.

ಹುಡುಗನ ಕಾಕಾ ಗಂಗಾವತಿ ಕಡೆ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರು, ಕೇಳುತ್ತ ನಿಂತಿದ್ದರು. "ಅಂದ್ರ, ಮ್ಯಾಲೆ ಯಾರೋ ಒಡ್ಡು ಹಾಕಿದ್ರ ಕೆಳಗಿನ ಕಾಲುವಿನೇ ಮುಚ್ಚಿಬಿಡ್ತೈತೇನು?"

"ಹೌದ್ರಿ ಕಾಕಾ. ನೀರು ಬರಂಗಿಲ್ಲ ಅಂತ ಖಾತ್ರಿ ಆದ್ರ ಮಾತ್ರ."

ಖಾತ್ರಿ ಇಲ್ಲದಿದ್ದರೆ ಉಳಿಸಿಕೊಳ್ಳುತ್ತದೆ. ಒಂದು ಸಾಲು ಎಂದಾದರೂ ಓಡೀತೇ ಎಂದು ಎಲ್ಲ ಪ್ರೋಗ್ರಾಂಗಳಿಗೂ ತೀರ್ಪು ಹೇಳುವ ವಿಧಾನ ಇರಲಾರದು. ಅಲನ್ ಟ್ಯೂರಿಂಗ್ 1936ರಲ್ಲಿ ಬರೆದ ಪ್ರಬಂಧದಿಂದ ಅದು ಸಿದ್ಧ.

"ಒಡ್ಡು ಹಾಕಿದವ ಯಾರು ಅಂತ ಕೇಳಂಗಿಲ್ಲೇನು?" ಅಂದರು ಕಾಕಾ. ನನ್ನ ಸಂಕಟವೂ ಅದೇ. ಓಡದ ಸಾಲು ಎಷ್ಟೋ ಸಲ ಮೇಲೆ ನಡೆದ ತಪ್ಪಿನ ಸುಳಿವು.

2014ರ ಫೆಬ್ರವರಿಯಲ್ಲಿ ಆಪಲ್ ಫೋನುಗಳಿಗೆ ತುರ್ತು ಅಪ್‌ಡೇಟ್ ಬಂದಿತ್ತು. ನಾವು ಸೇರಿದ ವೆಬ್‌ಸೈಟ್ ಅಸಲಿಯೇ ಎಂದು ಪರೀಕ್ಷಿಸುವ ಕೋಡ್‌ನಲ್ಲಿ "ಗೋಟೂ ಫೇಲ್" ಎಂಬ ಸಾಲು ಎರಡು ಸಲ ಬಿದ್ದಿತ್ತು. ಮೊದಲನೆಯದು ಇಫ್‌ಗೆ ಸೇರಿದ್ದು. ಎರಡನೆಯದಕ್ಕೆ ಷರತ್ತೇ ಇಲ್ಲ, ಹಾಗಾಗಿ ಪ್ರತಿ ಸಲವೂ ಅಲ್ಲಿಂದಲೇ ಜಿಗಿತ. ಅದರ ಕೆಳಗಿದ್ದ ಸಹಿ ತಾಳೆ ನೋಡುವ ಸಾಲಿಗೆ ಯಾರೂ ಇಳಿಯಲೇ ಇಲ್ಲ. ಅಷ್ಟರವರೆಗಿನ ಹಂತಗಳು ಸರಿಯಿದ್ದುದರಿಂದ ಉತ್ತರ ಮಾತ್ರ "ಎಲ್ಲ ಸರಿ" ಎಂದೇ ಬರುತ್ತಿತ್ತು. ಸುಳ್ಳು ಸೈಟನ್ನೂ ಫೋನು ನಂಬುವ ಸ್ಥಿತಿ. ಜಾವಾದಲ್ಲಿ ಇಂಥ ಜಾಗದಲ್ಲಿ ರಿಟರ್ನ್ ಬಿದ್ದಿದ್ದರೆ ಕಂಪೈಲೇ ಆಗುತ್ತಿರಲಿಲ್ಲ.

"ನಮ್ಮ ಸಿ ಕಂಪೈಲರ್ ಜಿಸಿಸಿಗೆ ಎಚ್ಚರಿಕೆ ಕೊಡು ಅಂತ ಹೇಳಾಕ ಬರಂಗಿಲ್ಲೇನ್ರಿ?" ಅಂದ ಹುಡುಗ.

ಮೊದಲು ಬರುತ್ತಿತ್ತು, ಅದಕ್ಕೊಂದು ಸ್ವಿಚ್ ಇತ್ತು. ಕೋಡ್ ಚುರುಕುಗೊಳಿಸುವ ಆಪ್ಟಿಮೈಸರ್ ಬದಲಾದಂತೆಲ್ಲ ಎಚ್ಚರಿಕೆಯೂ ಏರುಪೇರಾಗುತ್ತಿತ್ತೆಂದು ತೆಗೆದರು. ಆ ಸ್ವಿಚ್ ಈಗ ಹೆಸರಿಗಷ್ಟೇ ಇದೆ, ಕೊಟ್ಟರೂ ಚಕಾರವಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಕ್ಲಾಂಗ್ ಎಂಬ ಇನ್ನೊಂದು ಸಿ ಕಂಪೈಲರ್ ಹೇಳುತ್ತದೆ, ಆದರೆ ಸಾಮಾನ್ಯ ಎಚ್ಚರಿಕೆಗಳ "ವಾಲ್" ಸ್ವಿಚ್ ಒಂದೇ ಕೊಟ್ಟರೆ ಸಾಲದು, "ಅನ್‌ರೀಚಬಲ್ ಕೋಡ್" ಎಂಬ ಎಚ್ಚರಿಕೆಯನ್ನು ಬೇರೆಯಾಗಿಯೇ ಕೇಳಬೇಕು.

"ಹಂಗಾರ ಇವತ್ತ ಕ್ಲಾಂಗ್ ಹಾಕ್ಕೊಂತೀನ್ರಿ" ಅಂದ ಹುಡುಗ.