ದುಡ್ಡು ಕೊಟ್ಟು ತಂದ ಕಾವು

ಚೀಕಲಪರ್ವಿಯಲ್ಲಿ ಹುಟ್ಟಿದವನೊಬ್ಬ ದುಡ್ಡು ಕೊಟ್ಟು ಕಾವು ಖರೀದಿ ಮಾಡಿದ ಎಂಬ ಸುದ್ದಿ ಊರು ಮುಟ್ಟಿದ ದಿನ, ಅಗಸಿ ಕಟ್ಟೆಯ ಮೇಲೆ ಕೂತವರು ಅರ್ಧ ತಾಸು ನಕ್ಕರಂತೆ. “ಮಾಸ್ತರಿಗೆ ವಯಸ್ಸಾತು” ಎಂದು ಒಬ್ಬರು ತೀರ್ಪು ಕೊಟ್ಟರೆ, “ನಮಗರ ಹೇಳಿದ್ರ ನಾಕು ಗೋಣಿಚೀಲ ತುಂಬಿ ಪಾರ್ಸಲ್ ಮಾಡ್ತಿದ್ವಿ, ರೊಕ್ಕ ಯಾಕ ಕಳದ್ರು?” ಎಂದು ಇನ್ನೊಬ್ಬರು ಮರುಗಿದರಂತೆ.

ಅವರ ನಗೆಯಲ್ಲಿ ತಪ್ಪಿಲ್ಲ. ನಮ್ಮೂರು ಮಾನ್ವಿ ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿದೆ. ವಿಜಯದಾಸರು ಹುಟ್ಟಿದ ಊರೆಂದು ಹೊರಗಿನವರಿಗೆ ಗೊತ್ತು. ಬಿಸಿಲು ಹುಟ್ಟಿದ್ದೂ ಇಲ್ಲೇ ಎಂದು ಒಳಗಿನವರ ಗುಮಾನಿ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ಎರಡು ಹೊಳೆಗಳ ನಡುವೆ ಇದ್ದೂ ರಾಯಚೂರು ಸೀಮೆ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಎಂದರೆ ನಮಗದು ಸುದ್ದಿಯೇ ಅಲ್ಲ. ಇದೇ ನೆಲಕ್ಕಾಗಿ 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಆದಿಲ್ ಶಾಹನೂ ಬಡಿದಾಡಿದರು. ರಾಬರ್ಟ್ ಸಿವೆಲ್ ಎಂಬ ಇತಿಹಾಸಕಾರರ ಲೆಕ್ಕದ ಪ್ರಕಾರ ಆ ಕಾಳಗ ನಡೆದದ್ದು ಮೇ ತಿಂಗಳಲ್ಲಿ. ಆ ಬಿಸಿಲಿನಲ್ಲಿ ಕವಚ ತೊಟ್ಟು ಹೊಡೆದಾಡಿದವರನ್ನು ನೆನೆದರೆ, ಸೋತವರಿಗೂ ಒಂದು ಪದಕ ಕೊಡಬೇಕು ಅನ್ನಿಸುತ್ತದೆ.

ನನ್ನ ಆಯುಷ್ಯವೆಲ್ಲ ಈ ಕಾವನ್ನು ಓಡಿಸುವುದರಲ್ಲೇ ಹೋಗಿದೆ. ಚಿಕ್ಕಂದಿನಲ್ಲಿ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಮಲಗುತ್ತಿದ್ದೆವು. ನೌಕರಿ ಸಿಕ್ಕ ಮೇಲೆ ತಗಡಿನ ಕೂಲರ್ ಬಂತು. ಅದರ ಹುಲ್ಲಿನ ಪ್ಯಾಡಿಗೆ ಕೊಡಗಟ್ಟಲೆ ನೀರು ಹೊಯ್ದು, ತಂಪು ಗಾಳಿ ಇನ್ನೇನು ಬಂತು ಎನ್ನುವಾಗ ಕರೆಂಟು ಹೋಗುತ್ತಿತ್ತು.

ಇಂಥವನು ನಿವೃತ್ತಿಯಾದ ಮೇಲೆ, ಮೊಮ್ಮಗನನ್ನು ನೋಡಲೆಂದು ನಮ್ಮಾಕೆಯ ಜೊತೆ ಅಮೆರಿಕೆಗೆ ಹೋದೆ. ಮಗನ ಮನೆ ನಾರ್ತ್ ಕೆರೊಲಿನಾದ ರಾಲಿಯ ಹತ್ತಿರ. ಹೋದದ್ದು ನವೆಂಬರಿನಲ್ಲಿ. ಮನೆಯ ಗೋಡೆಯ ಮೇಲೆ ಅಂಗೈಯಗಲದ ಒಂದು ಡಬ್ಬಿ, ಅದರಲ್ಲಿ 68 ಎಂದು ಹೊಳೆಯುತ್ತಿತ್ತು. ನಮ್ಮಾಕೆ ಹೌಹಾರಿದಳು.

“ಅಯ್ಯ, ನಮ್ಮೂರಾಗ ನಲವತ್ಮೂರಕ್ಕ ಕಾಗಿ ಸತ್ತು ಬೀಳ್ತಾವ. ಅರವತ್ತೆಂಟರಾಗ ಕೂಸು ಹೆಂಗ ಮಲಗೈತ್ರಿ?”

ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 20 ಎಂದು ಬಿಡಿಸಿ ಹೇಳಿದೆ.

“ಇಪ್ಪತ್ತಂದ್ರ ಥಂಡಿ ಅಲ್ಲೇನ್ರಿ!” ಎಂದವಳೇ ಶಾಲು ಹೊದ್ದು ಕೂತಳು.

ವಿಜ್ಞಾನದ ಮಾಸ್ತರನಾದ ನಾನು ಮನೆಯ ಯಂತ್ರಗಳನ್ನೆಲ್ಲ ನೋಡಿ ಬಂದೆ. ಅಟ್ಟದಲ್ಲಿ ತಿಜೋರಿಯಂಥ ಒಂದು ತಗಡಿನ ಪೆಟ್ಟಿಗೆ. ಒಳಗೆ ದೊಡ್ಡ ಫ್ಯಾನು. ಇದು ಏರ್ ಹ್ಯಾಂಡ್ಲರ್. ಹಿತ್ತಲಲ್ಲಿ ಗುಂಯ್‌ಗುಡುತ್ತ ಕೂತದ್ದು ಹೀಟ್ ಪಂಪ್. ಬೇಸಿಗೆಯಲ್ಲಿ ಮನೆಯೊಳಗಿನ ಕಾವನ್ನು ಹೊರಗೆ ಹಾಕುವ ಜೋಡಿಯೇ ಚಳಿಗಾಲದಲ್ಲಿ ತಿರುವುಮುರುವಾಗಿ ದುಡಿದು, ಹೊರಗಿನ ತಣ್ಣನೆ ಗಾಳಿಯಲ್ಲಿ ಅಳಿದುಳಿದ ಕಾವನ್ನು ಹಿಂಡಿ ಒಳಗೆ ತರುತ್ತದೆ. ಒಂದು ಯೂನಿಟ್ ಕರೆಂಟು ತಿಂದು ಎರಡು ಮೂರು ಯೂನಿಟ್ಟಿನಷ್ಟು ಕಾವು ಕೊಡುತ್ತದೆ. ಕೊಟ್ಟ ಕೂಲಿಗಿಂತ ಹೆಚ್ಚು ದುಡಿಯುವ ಆಳನ್ನು ನಾನು ಕಂಡದ್ದು ಅದೇ ಮೊದಲು. ಆದರೆ ಅವನಿಗೂ ಒಂದು ಐಬು: ಚಳಿ ಏರಿದಷ್ಟೂ ಅವನ ಕೈ ಸೋಲುತ್ತದೆ. ಕಾವು ಹೆಚ್ಚು ಬೇಕಾದ ದಿನವೇ ಕಡಿಮೆ ಕೊಡುತ್ತಾನೆ.

ಜನವರಿಯ ಒಂದು ರಾತ್ರಿ ಅದು ಬಯಲಾಯಿತು. ಎರಡು ಗಂಟೆಗೆ ಎಚ್ಚರವಾಗಿ ಕಿಟಕಿಯಲ್ಲಿ ನೋಡಿದರೆ ಹಿತ್ತಲ ಯಂತ್ರದಿಂದ ದಟ್ಟಗೆ ಹೊಗೆ ಏಳುತ್ತಿದೆ. “ಬೆಂಕಿ! ಬೆಂಕಿ!” ಎಂದು ಕೂಗಿ ಮಗನನ್ನು ಎಬ್ಬಿಸಿ, ಬಕೆಟ್ ನೀರು ಹಿಡಿದು ಬಾಗಿಲವರೆಗೆ ಓಡಿದ್ದೆ. ಮಗ ತಡೆದ.

“ಅಪ್ಪಾ, ಅದು ಹೊಗೆ ಅಲ್ಲ, ಉಗಿ. ಮಿಷಿನ್ನಿಗೆ ಮಂಜು ಹಿಡದೈತಿ, ಕರಗಿಸ್ಕೊಳ್ಳಾಕತ್ತೈತಿ.”

“ಕರಗಿಸಾಕ ಕಾವು ಎಲ್ಲಿಂದ ತಂತು?”

“ನಮ್ಮ ಮನಿ ಒಳಗಿಂದ.”

ಹೌದು. ಮೈಗೆ ಕಟ್ಟಿದ ಮಂಜನ್ನು ಕರಗಿಸಲು ಯಂತ್ರ ಕೆಲವು ನಿಮಿಷ ಬೇಸಿಗೆಯ ಹಾಗೆ ನಡೆದು, ಮನೆಯೊಳಗಿನ ಕಾವನ್ನೇ ಹೊರಗೆ ಎಳೆಯುತ್ತದೆ. ಅಷ್ಟು ಹೊತ್ತು ಸೂರಿನ ಕಿಂಡಿಗಳಿಂದ ತಣ್ಣನೆ ಗಾಳಿ ಸುರಿಯುತ್ತದೆ. ಜೀವಮಾನವಿಡೀ ಮೇ ತಿಂಗಳಲ್ಲಿ ಬೇಡಿದರೂ ಕೂಲರ್ ಕೊಡದಿದ್ದ ಗಾಳಿ, ಬೇಡದಿದ್ದರೂ ಜನವರಿಯ ನಡುರಾತ್ರಿ ನನ್ನ ಬೋಳು ತಲೆಯ ಮೇಲೆ ನೆಟ್ಟಗೆ ಬೀಸಿತು.

ಇದಕ್ಕೆ ಮದ್ದು ಉಂಟು. ಏರ್ ಹ್ಯಾಂಡ್ಲರಿನ ಒಳಗೆ ಕರೆಂಟಿನಿಂದ ಕಾಯುವ ಸುರುಳಿಗಳ ಒಂದು ಜೋಡಣೆ ಕೂರಿಸಬೇಕು. ಅದರ ಹೆಸರು ಹೀಟ್ ಕಿಟ್. ಎಷ್ಟೋ ಏರ್ ಹ್ಯಾಂಡ್ಲರುಗಳು ಅದಿಲ್ಲದೆಯೇ ಬರುತ್ತವೆ. ಅದಕ್ಕೆ ಬೇರೆ ದುಡ್ಡು ಕೊಡಬೇಕು. ಈ ಮನೆಯ ಮೊದಲ ಯಜಮಾನ ಕೊಟ್ಟಿರಲಿಲ್ಲ. ಕಿಟ್ಟು ಕೂರಬೇಕಾದ ಜಾಗಕ್ಕೆ ಒಂದು ತಗಡು ಮುಚ್ಚಿ ಮನೆ ಮಾರಿದ್ದ.

ಮರುವಾರ ಮೆಕ್ಯಾನಿಕ್ ಬಂದ. ಮೊದಲು ಏರ್ ಹ್ಯಾಂಡ್ಲರಿನ ಮೈಮೇಲಿನ ಫಲಕ ಓದಿದ. ಯಾವ ಯಂತ್ರಕ್ಕೆ ಯಾವ ಕಿಟ್ಟು ಹೊಂದುತ್ತದೆಂದು ಅದರಲ್ಲಿ ಬರೆದಿರುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ತುರುಕುವಂತಿಲ್ಲ. ನಮ್ಮ ಕಡೆ ತರುವುದಾದರೆ ಅಕ್ಕನ ಮಗಳನ್ನೇ ತರಬೇಕೆಂದು ಹಟ ಹಿಡಿಯುತ್ತಿದ್ದರಲ್ಲ, ಹಾಗೆ. ಡಬ್ಬಿ ಬಿಚ್ಚಿದಾಗ ಹೊರಬಂದದ್ದು ನೈಕ್ರೋಮ್ ತಂತಿಯ ಸುರುಳಿಗಳು. ನಿಕಲ್, ಕ್ರೋಮಿಯಂ ಬೆರೆಸಿ ಆಲ್ಬರ್ಟ್ ಮಾರ್ಷ್ ಎಂಬಾತ ಈ ಲೋಹಕ್ಕೆ ಪೇಟೆಂಟ್ ಪಡೆದದ್ದು 1906ರಲ್ಲಿ. ನಮ್ಮ ಬಚ್ಚಲಲ್ಲಿ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಕೂಡ ಇದೇ ವಂಶದ್ದು. ಅದು ಒಂದೋ ಒಂದೂವರೆಯೋ ಕಿಲೋವ್ಯಾಟ್, ಇದು ಹತ್ತು.

ಮೂವತ್ತಮೂರು ವರ್ಷ ಹತ್ತನೇ ತರಗತಿಗೆ ಜೌಲನ ನಿಯಮ ಕಲಿಸಿದ ಜೀವ ಸುಮ್ಮನಿರುತ್ತದೆಯೇ? ಹತ್ತು ಸಾವಿರ ವ್ಯಾಟ್, 240 ವೋಲ್ಟ್. ಅಂದರೆ ಸುಮಾರು 42 ಆಂಪಿಯರ್. ಸುರಕ್ಷತೆಗೆಂದು ಅದರ ಮೇಲೆ ಕಾಲುಭಾಗ ಸೇರಿಸಿದರೆ 52. ಫ್ಯಾನಿನದು ಮೇಲೆರಡು. “ಅರವತ್ತರ ಬ್ರೇಕರ್ ಬೇಕಾಗ್ತದ” ಎಂದೆ. ಮಗ ಅದನ್ನು ಇಂಗ್ಲಿಷಿನಲ್ಲಿ ದಾಟಿಸಿದ. ಮೆಕ್ಯಾನಿಕ್ ತಲೆ ಎತ್ತಿ ನೋಡಿ, ಅರವತ್ತರ ಬ್ರೇಕರನ್ನೇ ಚೀಲದಿಂದ ತೆಗೆದ. ಐದು ಆಂಪಿಯರ್ ಫ್ಯೂಸು ಸುಟ್ಟಾಗಲೆಲ್ಲ ಹಳೆ ವೈರಿನ ಎಳೆ ಸುತ್ತಿ ದೀಪ ಹತ್ತಿಸಿಕೊಂಡು ಬೆಳೆದವನಿಗೆ ಅದು ಪಿಎಚ್‌.ಡಿ. ಸಿಕ್ಕ ಗಳಿಗೆ. ಯಾವ ಊರು ಎಂದು ಅವನು ಕೇಳಿದ. ಬೇಸಿಗೆಯಲ್ಲಿ 110 ಫ್ಯಾರನ್‌ಹೀಟ್ ಮುಟ್ಟುವ ಊರು ಎಂದೆ. ಅವನೂ ನಕ್ಕ. ಕೂಲಿ, ಸಾಮಾನು, ಬೆರಳು ದಪ್ಪದ ತಾಮ್ರದ ವೈರು ಎಲ್ಲ ಸೇರಿಸಿ ಅವನು ಬರೆದ ಬಿಲ್ಲನ್ನು ರೂಪಾಯಿಗೆ ತಿರುಗಿಸಿದಾಗ ನಗು ನಿಂತಿತು. ಆ ದುಡ್ಡಿಗೆ ನಮ್ಮ ಸಂತೆಯಲ್ಲಿ ಒಂದು ಜೋಡಿ ಎತ್ತು ಕೇಳಬಹುದಿತ್ತು.

ಕಿಟ್ಟು ಮೊದಲ ಸಲ ಹೊತ್ತಿಕೊಂಡಿತು. ಸುರುಳಿಗಳು ಒಟ್ಟಿಗೇ ಏಳುವುದಿಲ್ಲ. ಪಂಕ್ತಿಯಲ್ಲಿ ಬಡಿಸಿದಂತೆ ಒಂದಾದ ಮೇಲೊಂದು. ಫ್ಯಾನು ನಿಂತು ಕಾವು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚೂ ಉಂಟು. ಎರಡು ನಿಮಿಷದಲ್ಲಿ ಮನೆ ತುಂಬ ಸುಟ್ಟ ವಾಸನೆ. ಹೊಸ ಸುರುಳಿಯ ಮೇಲಿನ ಧೂಳು ಸುಡುವುದು ಸಹಜವೆಂದು ಮೆಕ್ಯಾನಿಕ್ ಹೇಳಿ ಹೋಗಿದ್ದ. ಹೊಗೆ ಪತ್ತೆಗಂಟೆಗೆ ಅದನ್ನು ಯಾರೂ ಹೇಳಿರಲಿಲ್ಲ, ಅರಚತೊಡಗಿತು. ನಮ್ಮಾಕೆ ಅಡಿಗೆಮನೆಯಿಂದಲೇ ಕೂಗಿದಳು: “ನಂದಲ್ಲರೀ! ನಾ ಇನ್ನಾ ಒಗ್ಗರಣಿ ಹಾಕೇ ಇಲ್ಲ!”

ಆಮೇಲೆ ಮನೆ ಬೆಚ್ಚಗಾಯಿತು, ನನ್ನ ತಲೆಯೂ ಬಿಸಿಯಾಯಿತು. ಹೀಟ್ ಪಂಪಿನ ಹಾಗೆ ಇದು ಒಂದಕ್ಕೆ ಮೂರು ಕೊಡುವ ಪುಣ್ಯಾತ್ಮನಲ್ಲ. ಒಂದು ತಿಂದು ಒಂದೇ ಕೊಡುತ್ತದೆ. ಪೂರ್ತಿ ಹೊತ್ತಿದರೆ ತಾಸಿಗೆ ಹತ್ತು ಯೂನಿಟ್. ಕರ್ನಾಟಕದಲ್ಲಿ ಗೃಹಜ್ಯೋತಿಯವರು ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್ ಬಿಟ್ಟಿ ಕೊಡುತ್ತಾರೆ. ಈ ಮಹಾಶಯ ಅದನ್ನು ಇಪ್ಪತ್ತು ತಾಸಿನಲ್ಲಿ ಮುಗಿಸಿ ಬಾಯಿ ಒರೆಸಿಕೊಳ್ಳುತ್ತಾನೆ. ಗೋಡೆಯ ಡಬ್ಬಿಯಲ್ಲಿ ‘ಎಮರ್ಜೆನ್ಸಿ ಹೀಟ್’ ಎಂಬ ಗುಂಡಿಯೊಂದಿದೆ. ಹೀಟ್ ಪಂಪನ್ನು ನಿಲ್ಲಿಸಿ ಈ ಕಿಟ್ಟನ್ನಷ್ಟೇ ಉರಿಸುವ ಗುಂಡಿ. ಎಮರ್ಜೆನ್ಸಿ ಎಂದರೆ 1975 ನೆನಪಾಗುವ ತಲೆಮಾರಿನವನು ನಾನು. ಅದರ ತಂಟೆಗೆ ಹೋಗಲಿಲ್ಲ.

ಊರಿಗೆ ಫೋನ್ ಮಾಡಿ ಅವ್ವನಿಗೆ ಈ ವೈಭವವನ್ನೆಲ್ಲ ಬಣ್ಣಿಸಿದೆ. ಅವಳಿಗೆ ಕರೆಂಟೆಂದರೆ ಶಕ್ತಿನಗರ. ರಾಯಚೂರಿನ ಆಚೆ ಕೃಷ್ಣೆಯ ದಂಡೆಯಲ್ಲಿ 1985ರಿಂದ ಕಲ್ಲಿದ್ದಲು ಉರಿಸುತ್ತಿರುವ ಸ್ಥಾವರ ಅದು. ಎಂಟು ಘಟಕ ಸೇರಿ 1,720 ಮೆಗಾವ್ಯಾಟ್. ಮಗನ ಊರಿನ ಹತ್ತಿರವೂ ಅಂಥದ್ದೊಂದಿದೆ, ಶಿಯರನ್ ಹ್ಯಾರಿಸ್ ಅಂತ. ಅಲ್ಲಿ ಕಲ್ಲಿದ್ದಲಿಲ್ಲ, ಅಣುವಿನ ಕಾವು ಎಂದೆ. ಎರಡೂ ಕಡೆ ಹುಟ್ಟಿದ ಕಾವಿನಲ್ಲಿ ಸುಮಾರು ಮೂರನೇ ಒಂದು ಪಾಲಷ್ಟೇ ಕರೆಂಟಾಗುತ್ತದೆ, ಉಳಿದದ್ದು ಗಾಳಿಗೆ, ನೀರಿಗೆ ಹೋಗುತ್ತದೆ ಎಂದು ಪಾಠವನ್ನೂ ಮಾಡಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅಲ್ಲಪಾ, ಕಾವು ಮಾಡಿ ಕರೆಂಟ್ ತಗೀತಾರ. ಆ ಕರೆಂಟ್ ತಂದು ಮತ್ತ ಕಾವು ಮಾಡ್ತೀರಿ. ನಡುವಿನ ಮಂದಿಗೆಲ್ಲ ಪಗಾರ ಐತೇನು?”

ಮೂವತ್ತಮೂರು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹಾಗೆ ಬಾಯಿ ಮುಚ್ಚಿಸಿರಲಿಲ್ಲ.

“ನಾ ಕೊಟ್ಟ ಕೌದಿ ಎಲ್ಲಿಟ್ಟಿ?” ಎಂದು ಕೇಳಿದಳು. ಹಳೆ ಸೀರೆಗಳನ್ನು ಪದರ ಪದರ ಇಟ್ಟು ಅವಳೇ ಹೊಲಿದ ಕೌದಿ ಸೂಟ್‌ಕೇಸಿನ ತಳದಲ್ಲಿ ಹಾಗೇ ಇತ್ತು. ಆ ರಾತ್ರಿ ತೆಗೆದು ಹೊದ್ದೆ. ವಿಜಯದಾಸರು ಚೀಕಲಪರ್ವಿಯಿಂದ ಕಾಶಿವರೆಗೆ ಹೋಗಿಬಂದರಂತೆ. ಅವರ ಜೋಳಿಗೆಯಲ್ಲಿ ಬ್ರೇಕರ್ ಇದ್ದಿರಲಾರದು.

ಹಾಗೆಂದು ಕಿಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಹೀಟ್ ಪಂಪ್ ಮಂಜು ಕರಗಿಸಿಕೊಳ್ಳುವಾಗ, ನೀರು ಹೆಪ್ಪುಗಟ್ಟುವ ನಾಲ್ಕಾರು ರಾತ್ರಿಗಳಲ್ಲಿ, ಅದು ಹೊತ್ತಿಕೊಂಡು ಕೂಸನ್ನು ಬೆಚ್ಚಗಿಟ್ಟಿತು. ಕಷ್ಟಕ್ಕೆ ಬರುವ ನೆಂಟ ಊಟ ಜಾಸ್ತಿ ಮಾಡಿದನೆಂದು ಬೈಯಬಾರದು, ದಿನಾ ಕರೆಯಲೂಬಾರದು.

ಏಪ್ರಿಲ್‌ನಲ್ಲಿ ವಾಪಸಾದೆವು. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮುಖಕ್ಕೆ ಬಡಿದ ಝಳವನ್ನು ಅಂದಾಜು ಮಾಡಿದೆ: ಎಷ್ಟು ಕಿಲೋವ್ಯಾಟ್ ಆದೀತು? ಲೆಕ್ಕ ಹತ್ತಲಿಲ್ಲ. ಒಗ್ಗರಣಿ ಮಿರ್ಚಿ ತಿಂದು ಮಾನ್ವಿ ಬಸ್ ಹತ್ತಿದೆವು.

ಚಳಿ ದೇಶದಲ್ಲಿರುವ ನಮ್ಮವರಿಗೆ ನಾನು ಹೇಳುವುದಿಷ್ಟೇ. ಕಿಟ್ಟು ಹಾಕಿಸಿ, ಬೇಡವೆನ್ನುವುದಿಲ್ಲ; ಫಲಕ ಓದಿ, ಬಲ್ಲವರ ಕೈಯಲ್ಲೇ ಹಾಕಿಸಿ. ನಿಜವಾದ ಕಾವು ಬೇಕಿದ್ದರೆ ಮೇ ತಿಂಗಳಲ್ಲಿ ಚೀಕಲಪರ್ವಿಗೆ ಬನ್ನಿ. ಬ್ರೇಕರ್ ಬೇಕಿಲ್ಲ, ಬಿಲ್ಲೂ ಇಲ್ಲ. ಆಫ್ ಮಾಡುವ ಸ್ವಿಚ್ ಎಲ್ಲಿದೆ ಎಂದು ಮಾತ್ರ ಕೇಳಬೇಡಿ.