ಸಾಹೇಬರಿಗೆ ಬರ್ನ್‌ಔಟ್, ಆಕೆಗೆ ಕೊಬ್ಬು

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಸಾಹೇಬರಿಗೆ ಹೋದ ತಿಂಗಳು ಬರ್ನ್‌ಔಟ್ ಆಯಿತು. ಕಂಪನಿ ರಜೆ ಕೊಟ್ಟಿತು, ಕೌನ್ಸೆಲರನ್ನೂ ಕೊಟ್ಟಿತು. ಚಿಕ್ಕಮಗಳೂರಿನ ಹೋಮ್‌ಸ್ಟೇಯಲ್ಲಿ ನಾಲ್ಕು ದಿನ ಮಂಜು ನೋಡಿ ಬಂದರು. ಅದೇ ತಿಂಗಳು ಅವರ ಮನೆಯ ಪಾತ್ರೆ ತಿಕ್ಕುವಾಕೆಗೂ ರಾತ್ರಿ ನಿದ್ದೆ ಹತ್ತಲಿಲ್ಲ. ಎದೆ ಡವಡವ, ಕೈ ನಡುಕ, ಎರಡು ಗಾಜಿನ ಲೋಟ ಚೂರು. ಆಕೆಗೆ ಬಂದದ್ದು ಕೊಬ್ಬು ಎಂದು ತೀರ್ಮಾನವಾಯಿತು. ಲೋಟದ ದುಡ್ಡು ಸಂಬಳದಲ್ಲಿ ಮುರಿದುಕೊಂಡರು.

ನಿಮ್ಹಾನ್ಸ್‌ನವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಆದಾಯ ಕಡಿಮೆ ಇರುವ ಮನೆಗಳಲ್ಲೇ ಮಾನಸಿಕ ಕಾಯಿಲೆಗಳು ಹೆಚ್ಚೆಂದು ಕಂಡಿತ್ತು. ಆತಂಕ, ಖಿನ್ನತೆಯಂಥವು ಬಂದ ನೂರರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮಗೇಕೆ ಬಿಡಿ, ಬಡವರು ನೆಮ್ಮದಿಯಾಗಿ ಮಲಗುತ್ತಾರೆಂದು ಸಿನಿಮಾ ನೋಡಿ ಕಲಿತವರು ನಾವು.

ಸರ್ಕಾರದ ಲೆಕ್ಕ ಇನ್ನೂ ಸೊಗಸು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033. ಅವರಲ್ಲಿ 42,004 ಮಂದಿ ದಿನಗೂಲಿಗಳು. ಹಾಗಾದರೆ ಕಾರಣ ಬಡತನವೇ? ಛೆ, ಆ ಕಾಲಮ್ಮಿಗೆ ಬಿದ್ದದ್ದು ನೂರಕ್ಕೆ ಒಂದೆರಡು. ದೊಡ್ಡ ಪಾಲು 'ಕೌಟುಂಬಿಕ ಸಮಸ್ಯೆ'ಯದು. ಸಂಘದ ಕಂತು ಕಟ್ಟಲಾಗದೆ ಗಂಡ ಹೆಂಡತಿ ಕಿತ್ತಾಡಿದರೆ ಅದು ಸಂಸಾರದ ಜಗಳ, ಸಾಲದ್ದಲ್ಲ. ಅಂಕಿಗೆ ನಾಚಿಕೆ ಜಾಸ್ತಿ.

ಕಾನೂನು ಇಲ್ಲವೆನ್ನಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಿಪಿಎಲ್‌ನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆ ಎನ್ನುತ್ತದೆ. ಪುಕ್ಕಟೆಗೆ ಹೋಗಿಬರಲು ಒಂದು ದಿನ ಬೇಕು. ಒಂದು ದಿನವೆಂದರೆ ನಾಲ್ಕು ಮನೆಯ ಗೊಣಗಾಟ. ಟೆಲಿ ಮಾನಸ್ ಸಹಾಯವಾಣಿ ಇದೆಯಲ್ಲ, 14416, ಅದೂ ಉಚಿತ, ಒಳ್ಳೆಯ ಸೇವೆಯೇ. ಆದರೆ ಒಂದೇ ಕೋಣೆಯಲ್ಲಿ ಅತ್ತೆ, ಗಂಡ, ಮೂರು ಮಕ್ಕಳು ಕಿವಿ ನಿಮಿರಿಸಿ ಕೂತಿರುವಾಗ ಮನಸ್ಸು ಬಿಚ್ಚುವುದು ಎಲ್ಲಿ, ಬಚ್ಚಲಿನಲ್ಲೇ? ಬಚ್ಚಲು ವಠಾರಕ್ಕೆಲ್ಲ ಸೇರಿ ಒಂದು.

ಸಾಹೇಬರು ಈಗ ಚೇತರಿಸಿಕೊಂಡಿದ್ದಾರೆ. ಕಲಿತ ವಿದ್ಯೆ ಹಂಚುವ ದೊಡ್ಡ ಮನಸ್ಸು ಅವರದು. ಮೊನ್ನೆ ಆಕೆಗೂ ಹೇಳಿದರು: "ದಿನಾ ಹತ್ತು ನಿಮಿಷ ಏನೂ ಮಾಡದೆ ಸುಮ್ಮನೆ ಕೂತ್ಕೊಬೇಕಮ್ಮ. ಉಸಿರಿನ ಮೇಲೆ ಗಮನ ಇಡು."

ಮಾರನೆಯ ದಿನ ಆಕೆ ಕೈ ಒರೆಸಿಕೊಂಡು ಸಿಂಕಿನ ಕೆಳಗೆ ಗೋಡೆಗೊರಗಿ ಕಣ್ಣು ಮುಚ್ಚಿದಳು. ನಾಲ್ಕನೇ ನಿಮಿಷಕ್ಕೆ ಅಮ್ಮಾವ್ರು ಒಳಗೆ ಬಂದರು.

"ಏನೇ, ಸಂಬಳ ಕೂತ್ಕೊಳ್ಳೋದಕ್ಕೆ ಕೊಡೋದಾ?"