ವಾದ್ಯಭಂಗ ಮೀಮಾಂಸೆ: ಸತ್ತೇಗಾಲ ಪಾಠ

೧. ಅನುಬಂಧ ಪ್ರಕರಣ

ಯಾವುದೇ ಶಾಸ್ತ್ರಗ್ರಂಥಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂದು ಹಿರಿಯರು ವಿಧಿಸಿದ್ದಾರೆ. ಈ ಗ್ರಂಥಕ್ಕೆ ಅಧಿಕಾರಿಗಳು ಮದುವೆಯಾದವರು ಮಾತ್ರ. ಆಗದವರಿಗೆ ಇದು ಅರ್ಥವಾಗುವುದಿಲ್ಲ. ಅರ್ಥವಾಗಿಬಿಟ್ಟರೆ ಅವರು ಮದುವೆಯಾಗುವುದಿಲ್ಲ. ವಿಷಯವು, ದಂಪತಿಗಳಲ್ಲಿ ಒಬ್ಬರ ಪ್ರಾಣಪ್ರಿಯ ಸಂಗೀತಸಾಧನವು ಇನ್ನೊಬ್ಬರ ಕೈಯಲ್ಲಿ ಉದ್ದೇಶವಿಲ್ಲದೆ ಹಾಳಾಗುವುದು. ಸಂಬಂಧವೆಂದರೆ, ಘಟನೆಯ ಮರುದಿನ ಏನು ಉಳಿದಿರುತ್ತದೋ ಅದು. ಪ್ರಯೋಜನ, ಬೆಳಗಿನ ಕಾಫಿ ಮತ್ತೆ ಕೈಗೆ ಸಿಗುವುದು.

ಅಧ್ಯಯನಕ್ಕೆ ಸತ್ತೇಗಾಲವನ್ನೇ ಆರಿಸಿದ್ದಕ್ಕೆ ಕಾರಣಗಳಿವೆ. ಬೆಂಗಳೂರು, ಮಂಡ್ಯ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಹೊರಟವರು ಇಲ್ಲಿನ ಹ್ಯಾಂಡ್‌ಪೋಸ್ಟ್ ದಾಟಿಯೇ ಹೋಗಬೇಕು. ಆದ್ದರಿಂದ ದೇವರಗುಡ್ಡರ ಕಂಸಾಳೆಯೂ ಚಿಕ್ಕಲ್ಲೂರು ಜಾತ್ರೆಗೆ ಸೇರುವ ನೀಲಗಾರರ ತಂಬೂರಿಯೂ ಇಲ್ಲಿನ ಕಿವಿಗೆ ಹೊಸತಲ್ಲ. ಇನ್ನೊಂದು ಕಾರಣ ಆಡಳಿತಾತ್ಮಕವಾದುದು. ಸತ್ತೇಗಾಲವಿರುವ ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಹೋಯಿತು. ತಾತನ ಗ್ರಾಮಫೋನನ್ನು ಅಜ್ಜಿ ಬೀಳಿಸಿದ ಪ್ರಕರಣ ಯಾವ ಜಿಲ್ಲೆಯ ವ್ಯಾಪ್ತಿಗೆ ಬರುತ್ತದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅಜ್ಜಿಯ ಪಕ್ಷಕ್ಕೆ ಇದರಿಂದ ಬಹಳ ಅನುಕೂಲವಾಗಿದೆ.

೨. ಲಕ್ಷಣ ಪ್ರಕರಣ

ಭರತಮುನಿ ನಾಟ್ಯಶಾಸ್ತ್ರದಲ್ಲಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿದ. ಈ ಲೆಕ್ಕದಲ್ಲಿ ತಂತಿಯ ತಂಬೂರಿ ತತ, ಕಂಚಿನ ಕಂಸಾಳೆ ಘನ. ಗ್ರಾಮಫೋನ್, ರೇಡಿಯೊ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್‌ಗಳನ್ನು ಮುನಿ ಕಂಡಿರಲಿಲ್ಲವಾದ್ದರಿಂದ ಐದನೆಯ ವರ್ಗವೊಂದನ್ನು ನಾವೇ ಸೇರಿಸಬೇಕಾಗಿದೆ. ಅದಕ್ಕೆ ‘ಪೆಟ್ಟಿಗೆವಾದ್ಯ’ ಎಂದು ಹೆಸರು. ಇದರ ಲಕ್ಷಣ ಮೂರು: ನುಡಿಸಲು ವಿದ್ಯೆ ಬೇಡ; ಇಟ್ಟ ಜಾಗದಿಂದ ಅಲುಗಬಾರದು; ಮಾಲೀಕನು ಅದನ್ನು ಮಕ್ಕಳಿಗೂ ಮುಟ್ಟಗೊಡಬಾರದು.

‘ಭಂಗ’ದ ಲಕ್ಷಣವನ್ನು ಹೇಳುವಾಗ ‘ಉದ್ದೇಶವಿಲ್ಲದೆ’ ಎಂಬ ವಿಶೇಷಣ ಅವಶ್ಯ. ಜಪಾನಿನ ನಗೋಯಾದಲ್ಲಿ 2014ರಲ್ಲಿ ಮಾಜಿ ಗಂಡನ 54 ಪಿಟೀಲುಗಳನ್ನೂ 70 ಕಮಾನುಗಳನ್ನೂ ನಾಶಮಾಡಿದ ಆರೋಪದ ಮೇಲೆ ಮಹಿಳೆಯೊಬ್ಬರನ್ನು ಪೊಲೀಸರು 2017ರಲ್ಲಿ ಬಂಧಿಸಿದರು. ಆರೋಪದಲ್ಲೇ ಉದ್ದೇಶ ಸೇರಿಕೊಂಡಿರುವುದರಿಂದ ಅದು ನಮ್ಮ ಶಾಸ್ತ್ರದ ಹೊರಗು. ‘ದಿ ಹೇಟ್‌ಫುಲ್ ಎಯ್ಟ್’ ಚಿತ್ರದ ಚಿತ್ರೀಕರಣದಲ್ಲಿ ನಟ ಕರ್ಟ್ ರಸೆಲ್, ನಕಲಿ ಗಿಟಾರೆಂದುಕೊಂಡು ವಸ್ತುಸಂಗ್ರಹಾಲಯದಿಂದ ಎರವಲು ತಂದಿದ್ದ ಹತ್ತೊಂಬತ್ತನೆಯ ಶತಮಾನದ ಮಾರ್ಟಿನ್ ಗಿಟಾರನ್ನೇ ಅಪ್ಪಳಿಸಿ ಪುಡಿಮಾಡಿದ. ಇದು ಶುದ್ಧ ಭ್ರಾಂತಿ. ಹಗ್ಗವನ್ನು ಹಾವೆಂದು ತಿಳಿದ ಹಳೆಯ ದೃಷ್ಟಾಂತದ ವಂಶಕ್ಕೆ ಸೇರಿದ್ದು. ಆದರೆ ಅಲ್ಲಿ ದಾಂಪತ್ಯವಿರಲಿಲ್ಲ, ಕಾಫಿಯೂ ನಿಲ್ಲಲಿಲ್ಲ. ಹಾಗಾಗಿ ಅದನ್ನೂ ಬಿಡಲಾಗಿದೆ.

೩. ಪ್ರಭೇದ ಪ್ರಕರಣ

ಭಂಗವು ಎರಡು ಬಗೆ: ಮಾರ್ಜನಜನ್ಯ ಮತ್ತು ದುರಸ್ತಿಜನ್ಯ. ಹೆಂಡತಿ ಒರೆಸಿ ಕೆಡಿಸುತ್ತಾಳೆ. ಗಂಡ ಬಿಚ್ಚಿ ಕೆಡಿಸುತ್ತಾನೆ.

ಮಾರ್ಜನಜನ್ಯದಲ್ಲಿ ಮೊದಲನೆಯ ಉದಾಹರಣೆ ಸ್ಪಿರಿಟ್ಟಿನದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯನ್ನು ಅಂಟಿಸಿ ಹಿಡಿದಿರುವ ವಸ್ತು ಅರಗು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆದರೆ ಟೇಪ್‌ರೆಕಾರ್ಡರಿನ ಹೆಡ್ಡಿಗೆ ಅಂಟಿದ ಕೊಳೆಗೆ ಸ್ಪಿರಿಟ್ಟೇ ಮದ್ದು. ಕೊಳ್ಳೇಗಾಲದ ರಿಪೇರಿ ಅಂಗಡಿಯಲ್ಲಿ ಹುಡುಗ ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ಡು ಒರೆಸಿದ್ದನ್ನು ಕಂಡ ಗೃಹಿಣಿ, ಮನೆಗೆ ಬಂದು ಅದೇ ಹತ್ತಿಯನ್ನು ಮಾವನವರ ಕಾಲದ ತಟ್ಟೆಗೂ ತಾಗಿಸುತ್ತಾಳೆ. ತರ್ಕಶಾಸ್ತ್ರ ಇದನ್ನು ಅತಿವ್ಯಾಪ್ತಿ ದೋಷ ಎನ್ನುತ್ತದೆ. ತಟ್ಟೆ ಮಾತ್ರ ಏನೂ ಅನ್ನುವುದಿಲ್ಲ, ಇನ್ನು ಮುಂದೆ ಎಂದೂ ಅನ್ನುವುದಿಲ್ಲ.

ಎರಡನೆಯದು ಬಿಸಿಲಿನದು. 1948ರಲ್ಲಿ ಬಂದ ಎಲ್‌ಪಿ ತಟ್ಟೆ ವಿನೈಲಿನದು. ಅದು ಅರಗಿನಷ್ಟು ಸುಲಭವಾಗಿ ಒಡೆಯುವುದಿಲ್ಲ, ಆದರೆ ಬಿಸಿಲಿಗೆ ಡೊಂಕಾಗುತ್ತದೆ. ಸೋಪುನೀರಿನಲ್ಲಿ ತೊಳೆದ ತಟ್ಟೆಗಳನ್ನು, ಗೂಡು ಬಿಡಿಸಿ ಖಾಲಿಯಾದ ಚಂದ್ರಿಕೆಯ ಮೇಲೆ ಸಾಲಾಗಿ ಒಣಹಾಕಿದರೆ ರೇಷ್ಮೆ ಸೀಮೆಯ ಅಚ್ಚುಕಟ್ಟು ಎದ್ದು ಕಾಣುತ್ತದೆ. ಸಂಜೆ ನೋಡಿದರೆ ಅವು ಸಂಡಿಗೆಯಂತೆ ಅಂಚು ಮೇಲೆತ್ತಿಕೊಂಡಿರುತ್ತವೆ.

ಮೂರನೆಯದು ಕಂಸಾಳೆಯದು. ತವರ ಹೆಚ್ಚಾಗಿ ಬೆರೆತ ಕಂಚು ನಾದಕ್ಕೆ ಒಳ್ಳೆಯದು, ಬಿದ್ದರೆ ಕೆಟ್ಟದು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು ತಪ್ಪಲ್ಲ. ಹುಣಸೆಹುಳಿಯ ಕೈಯಿಂದ ಕಲ್ಲುಚಪ್ಪಡಿಯ ಮೇಲೆ ಜಾರಿದ್ದು ತಪ್ಪು. ಕೂದಲೆಳೆಯಷ್ಟು ಸೀಳು ಬಿಟ್ಟರೂ ದನಿ ಸಾಯುತ್ತದೆ.

ದುರಸ್ತಿಜನ್ಯಕ್ಕೆ ಒಂದೇ ಉದಾಹರಣೆ ಸಾಕು: ಹೆಂಡತಿಯ ಹಾರ್ಮೋನಿಯಂ. ಅದರೊಳಗಿನ ಹಿತ್ತಾಳೆ ಪಟ್ಟಿಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಸ್ವರ ಕೂಡಿಸುವವರು ಅರವನ್ನು ಅಳುಕುತ್ತ ಆಡಿಸುವ ಜಾಗವದು. ಭಜನೆಯಲ್ಲಿ ಒಂದು ಮನೆ ‘ಗುಂಯ್’ ಎನ್ನುತ್ತದೆಂದು ಹೆಂಡತಿ ಬಾಯ್ತಪ್ಪಿ ಹೇಳಿದ್ದೇ ತಡ, ಗಂಡ ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾನೆ. ಎಲ್ಲ ಪಟ್ಟಿಗಳನ್ನೂ ಉಪ್ಪುಕಾಗದದಲ್ಲಿ ತಿಕ್ಕಿ ಹೊಳಪು ಬರಿಸುತ್ತಾನೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟು, ಸುಮಾರು ಮೂರು ದಶಕ ಪ್ರಯತ್ನಿಸಿ, 1971ರಲ್ಲಿ ಮತ್ತೆ ಒಳಗೆ ಬಿಟ್ಟುಕೊಂಡಿತು. ಅಷ್ಟು ದೊಡ್ಡ ಸಂಸ್ಥೆಯ ಕೈಲಾಗದ್ದನ್ನು ಈ ಗಂಡ ಊಟದ ಹೊತ್ತಿಗೆ ಮುಗಿಸಿರುತ್ತಾನೆ.

೪. ಪ್ರಮಾಣ ಪ್ರಕರಣ

ಭಂಗವಾಯಿತೆಂಬುದು ಗೊತ್ತಾಗುವುದು ಹೇಗೆ? ಪ್ರತ್ಯಕ್ಷ ಪ್ರಮಾಣ ಸಿಗುವುದಿಲ್ಲ, ಏಕೆಂದರೆ ಬಿದ್ದಾಗ ಯಾರೂ ಇರುವುದಿಲ್ಲ. ಶಬ್ದ ಪ್ರಮಾಣವೂ ಇಲ್ಲ. ಪೆಟ್ಟಿಗೆ ಶಬ್ದ ಮಾಡದಿರುವುದೇ ದೂರು. ಭಾಟ್ಟ ಮೀಮಾಂಸಕರು ಇಂಥ ಕಡೆ ಅನುಪಲಬ್ಧಿಯನ್ನು ಒಪ್ಪುತ್ತಾರೆ: ಇರಬೇಕಾದದ್ದು ಕಾಣದಿದ್ದರೆ, ಅದು ಇಲ್ಲ.

ಗಂಡ ಆಶ್ರಯಿಸುವುದು ಅನುಮಾನ ಪ್ರಮಾಣವನ್ನು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬುದು ನೈಯಾಯಿಕರ ವ್ಯಾಪ್ತಿ. ಎಲ್ಲೆಲ್ಲಿ ಧೂಳಿಲ್ಲವೋ ಅಲ್ಲಲ್ಲಿ ಹೆಂಡತಿಯ ಕೈ ಎಂಬುದು ಸತ್ತೇಗಾಲದ ವ್ಯಾಪ್ತಿ. ಈ ಭಾಗದ ಸಂವಾದ ಹೀಗೆ ದಾಖಲಾಗಿದೆ:

“ಮುಟ್ಬ್ಯಾಡ ಅಂತ ಹೇಳಿರ್ನಿಲ್ವಾ ಅಮ್ಮಿ?”

“ದೂಳ್ ಒರ್ಸುದ್ದು ಕನ, ಇನ್ನೇನೂ ಮಾಡ್ನಿಲ್ಲ.”

“ನೆನ್ನೆಗಂಟ ಚೆಂದಾಗಿ ಹಾಡ್ತಿತ್ತು!”

ಸೂಕ್ಷ್ಮದರ್ಶಿಗಳು ಗಮನಿಸಬೇಕು: ಇಲ್ಲಿ ಅಪರಾಧಕ್ಕೆ ಏಕೈಕ ಸಾಕ್ಷಿ ಸ್ವಚ್ಛತೆ. ಧೂಳು ಹಾಗೆಯೇ ಇದ್ದಿದ್ದರೆ ಅವಳು ನಿರಪರಾಧಿ.

೫. ಪೂರ್ವಪಕ್ಷ

ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯಲ್ಲಿ ಕೂರುವ ಪೂರ್ವಪಕ್ಷಿಗಳು ಹೀಗೆ ವಾದಿಸುತ್ತಾರೆ: “ಪೆಟ್ಟಿಗೆ ಅಟ್ಟದ ಮೇಲಿತ್ತು, ಅದರ ಪಾಡಿಗೆ ಅದಿತ್ತು. ಇಳಿಸಿದವರದೇ ತಪ್ಪು.” ಅಟ್ಟಕ್ಕೆ ಏರಿಸಿದ್ದಕ್ಕೂ ಅವರ ಬಳಿ ಕಾರಣವಿದೆ. 2018, 2019ರಲ್ಲಿ ಕಾವೇರಿ ಉಕ್ಕಿ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿಗಳಿಗೆ ನೀರು ನುಗ್ಗಿದಾಗ ಈ ಸೀಮೆಯಲ್ಲಿ ಬೆಲೆಬಾಳುವುದೆಲ್ಲ ಮೇಲೇರಿತು. ನೀರು ಇಳಿಯಿತು, ಪೆಟ್ಟಿಗೆ ಇಳಿಯಲಿಲ್ಲ.

ಗಂಡನ ಕೈಯಲ್ಲಿ ಕೆಟ್ಟರೆ ಇದೇ ಪಂಡಿತರು ವೋಲ್ಟೇಜನ್ನು ಕರೆತರುತ್ತಾರೆ. 1902ರಲ್ಲಿ ಪಕ್ಕದ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಓಡಿದ್ದು ಸುಮಾರು 147 ಕಿ.ಮೀ. ಆಚೆಯ ಕೋಲಾರದ ಚಿನ್ನದ ಗಣಿಗೆ. ಹುಟ್ಟಿದೂರಿನ ಕಡೆ ಅದಕ್ಕೆ ಅಂದಿನಿಂದಲೂ ಅಷ್ಟಕ್ಕಷ್ಟೆ ಎಂಬುದು ಅವರ ಮತ. ನದಿ ಉಕ್ಕಿ ಶಿವನಸಮುದ್ರದ ವೆಸ್ಲಿ ಸೇತುವೆಯ ಕಲ್ಲುಗಳನ್ನು ಎಳೆದೊಯ್ದರೆ ಪ್ರಕೃತಿ ವಿಕೋಪ. ವೋಲ್ಟೇಜ್ ಏರಿ ಆಂಪ್ಲಿಫೈಯರ್ ಸುಟ್ಟರೆ ಇಲಾಖೆಯ ವಿಕೋಪ. ಗಂಡ ಬಿಚ್ಚಿದ್ದು ಮತ್ತೆ ಕೂಡದಿದ್ದರೆ ಕಂಪನಿಯ ವಿಕೋಪ. ಹೆಂಡತಿಯ ಕೈಯಿಂದ ಜಾರಿದರೆ ಮಾತ್ರ ಅದು ಅವಳ ತವರಿನವರು ಕಲಿಸದ ಬುದ್ಧಿ.

೬. ಸಿದ್ಧಾಂತ

ಪೂರ್ವಪಕ್ಷವು ನಿಲ್ಲುವುದಿಲ್ಲ. ಏಕೆ?

ಮೊದಲನೆಯದಾಗಿ, ‘ನೆನ್ನೆಗಂಟ ಹಾಡ್ತಿತ್ತು’ ಎಂಬ ಹೇತುವೇ ಅಸಿದ್ಧ. ಬಳಸದೆ ಇಟ್ಟ ಟೇಪ್‌ರೆಕಾರ್ಡರಿನ ರಬ್ಬರ್ ಬೆಲ್ಟು ಕಾಲಾಂತರದಲ್ಲಿ ಸಡಿಲವಾಗುತ್ತದೆ, ಇಲ್ಲವೇ ಕರಗಿ ಗೋಂದಿನಂತೆ ಅಂಟುತ್ತದೆ. ಒಳಗಿನ ಕೆಪಾಸಿಟರುಗಳು ಒಣಗುತ್ತವೆ. ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಜಾರಬೇಕಾದ ಕ್ಯಾಸೆಟ್ಟಿನ ಪಟ್ಟಿ ಬೂಷ್ಟು ಹಿಡಿಯುತ್ತದೆ. ಮಾಲೀಕ ತಾನೇ ಅದನ್ನು ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟಿದ್ದರೆ ಅಯಸ್ಕಾಂತ ತನ್ನ ಪಾಲಿನ ಕೆಲಸ ಮುಗಿಸಿರುತ್ತದೆ. ಕೊಳ್ಳೇಗಾಲದ ಹುಡುಗ ಮುಚ್ಚಳ ತೆಗೆದು ನೋಡಿ “ಇದು ವೋಗಿ ಯಾವ್ ಕಾಲಾಯ್ತೊ ಸಾ” ಎಂದಾಗ ಸಾವಿನ ಕಾಲ ಬಿದ್ದದ್ದಕ್ಕಿಂತ ಬಹಳ ಹಿಂದಕ್ಕೆ ಸರಿಯುತ್ತದೆ. ಹೆಂಡತಿ ಕೊಂದವಳಲ್ಲ, ಹೆಣವನ್ನು ಮೊದಲು ಕಂಡವಳು.

ಎರಡನೆಯದಾಗಿ, ಮುಟ್ಟದವನು ಮುರಿಯುವುದಿಲ್ಲ. ಮನೆಯ ಪ್ರತಿಯೊಂದು ವಸ್ತುವನ್ನೂ ದಿನಾ ಎತ್ತಿ, ಒರೆಸಿ, ಇಡುವ ಕೈಯಿಂದ ಎಂದಾದರೊಂದು ದಿನ ಒಂದು ವಸ್ತು ಜಾರಲೇಬೇಕು. ತಾನು ಪ್ರಾಣಕ್ಕಿಂತ ಹೆಚ್ಚೆನ್ನುವ ಪೆಟ್ಟಿಗೆಯ ಧೂಳನ್ನು ಒಮ್ಮೆಯೂ ಒರೆಸದ ಕೈಯಿಂದ ಅದು ಜಾರುವುದು ಹೇಗೆ? ಆದ್ದರಿಂದ ಗಂಡನ ಶುದ್ಧಹಸ್ತವು ಜಾಗರೂಕತೆಯ ಫಲವಲ್ಲ, ಗೈರುಹಾಜರಿಯ ಫಲ. ಪ್ರೀತಿ ಒಬ್ಬರದು, ಚಾಕರಿ ಇನ್ನೊಬ್ಬರದು ಆಗಿರುವ ಪ್ರತಿಯೊಂದು ವಸ್ತುವೂ ಚಾಕರಿಯವರ ಕೈಯಲ್ಲೇ ಒಡೆಯುತ್ತದೆ. ಇದೇ ಈ ಶಾಸ್ತ್ರದ ಸಾರ.

೭. ಪ್ರಾಯಶ್ಚಿತ್ತ ಪ್ರಕರಣ

ಅರಗಿನ ತಟ್ಟೆಗೆ ಪ್ರಾಯಶ್ಚಿತ್ತವಿಲ್ಲ. ಮೊಳೆ ಹೊಡೆದು ಗೋಡೆಗೆ ತೂಗುಹಾಕಿ ಬಂದವರಿಗೆ ತೋರಿಸುವುದು. ಡೊಂಕಾದ ಎಲ್‌ಪಿಯನ್ನು ಇಸ್ತ್ರಿಪೆಟ್ಟಿಗೆಯಿಂದ ನೆಟ್ಟಗೆ ಮಾಡುವೆನೆಂದು ಗಂಡ ಹೊರಟರೆ ಅದು ಮಾರ್ಜನದ ಮೇಲೆ ದುರಸ್ತಿ ಬಿದ್ದ ಸಂಕರಭಂಗ, ಮಹಾಪಾತಕ. ಸೀಳಿದ ಕಂಸಾಳೆಗೆ ಬೆಸುಗೆ ಹಾಕಿದರೆ ರೂಪ ಬಂದೀತು, ನಾದ ಬಾರದು; ಹೊಸದನ್ನು ತರತಕ್ಕದ್ದು. ಹಾರ್ಮೋನಿಯಮ್ಮನ್ನು ಬಲ್ಲವರ ಕೈಗೆ ಒಪ್ಪಿಸಿ, ಸ್ಕ್ರೂಡ್ರೈವರನ್ನು ಹೆಂಡತಿಯ ಬೀರುವಿನಲ್ಲಿ ಬೀಗ ಹಾಕಿ ಇಡತಕ್ಕದ್ದು. ಪೆಟ್ಟಿಗೆವಾದ್ಯಗಳಿಗೆಲ್ಲ ಸಾಮಾನ್ಯ ವಿಧಿ ಒಂದೇ: ಯಾರ ವಾದ್ಯವೋ ಅವರೇ ಶನಿವಾರ ಶನಿವಾರ ಒಣಬಟ್ಟೆಯಲ್ಲಿ ಒರೆಸಬೇಕು, ಒರೆಸಿದ ಮೇಲೆ ಒಂದು ಹಾಡನ್ನಾದರೂ ಕೇಳಬೇಕು.

೮. ಫಲಶ್ರುತಿ

ಈ ಗ್ರಂಥವನ್ನು ಓದಿದ ಹೆಂಡತಿಗೆ ಕೂಡಲೇ ಮನಶ್ಶಾಂತಿ ಪ್ರಾಪ್ತವಾಗುತ್ತದೆ. ಓದಿದ ಗಂಡನಿಗೆ ಮೊದಲು ಕೋಪವೂ ಆಮೇಲೆ ಒಣಬಟ್ಟೆಯೂ ಪ್ರಾಪ್ತವಾಗುತ್ತವೆ. ಒರೆಸಲು ತೊಡಗಿದವನು ಎರಡನೆಯ ಶನಿವಾರ ರೇಡಿಯೊದ ಏರಿಯಲ್ ಮುರಿಯುತ್ತಾನೆ, ಮೂರನೆಯ ಶನಿವಾರ ಪಕ್ಕದಲ್ಲಿದ್ದ ಅತ್ತೆಯವರ ಫೋಟೊ ಬೀಳಿಸುತ್ತಾನೆ. ಉಭಯ ಪಕ್ಷಗಳ ಲೆಕ್ಕ ಸಮವಾಗಿ, ವ್ಯಾಜ್ಯ ತಾನಾಗಿಯೇ ವಜಾ ಆಗುತ್ತದೆ. ಖರ್ಚು ಅವರವರದು.